ನೀರಿನ ಮೇಲೆ ಬೇಲಿ: ಪ್ಯಾಡಲ್ ಬೋರ್ಡ್ ರೇಸಿನ ಸ್ಟಾರ್ಟ್ ಲೈನಿಗೆ ಯಾರು ಬರಬಹುದು?

(ಇದು ಈ ವಾರದ ಪಾಡ್‌ಕಾಸ್ಟ್ ಎಪಿಸೋಡಿನ ಬರಹ ರೂಪ. ಇಯರ್‌ಫೋನ್ ಮರೆತು ಬಂದವರು ಓದಿಕೊಳ್ಳಬಹುದು.)

 

ಇವತ್ತಿನ ಕಥೆ ಸಮುದ್ರದ್ದು. ಆದ್ರೆ ಶುರು ಮಾಡೋದು ಸಮುದ್ರವೇ ಇಲ್ಲದ ಊರಿಂದ. ನನ್ನೂರು ಅರೇಹಳ್ಳಿ. ಹಾಸನ ಜಿಲ್ಲೆ, ಬೇಲೂರು ತಾಲ್ಲೂಕು. ಕಾಫಿ, ಮೆಣಸು, ಮಳೆ, ಜಿಗಣೆ. ನಮ್ಮಲ್ಲಿ ನೀರಿಗೇನೂ ಬರ ಇಲ್ಲ. ಒಂದೊಂದು ತೋಟಕ್ಕೂ ಒಂದೊಂದು ಕೆರೆ ಇರುತ್ತೆ. ಫೆಬ್ರವರಿ, ಮಾರ್ಚಲ್ಲಿ ಹೂಮಳೆ ಕೈಕೊಟ್ರೆ ಅದೇ ಕೆರೆಗೆ ಮೋಟಾರ್ ಇಟ್ಟು ಸ್ಪ್ರಿಂಕ್ಲರ್ ಹಾರಿಸ್ತಾರೆ. ಕಾಫಿ ಹೂ ಬಿಡಬೇಕು ಅಂದ್ರೆ ಆ ನೀರು ಬೇಕೇ ಬೇಕು.

ಇಷ್ಟೊಂದು ನೀರಿನ ಮಧ್ಯೆ ಬೆಳೆದ ನನಗೆ ಮನೆಯಲ್ಲಿ ಇದ್ದದ್ದು ಒಂದೇ ಒಂದು ಕಾನೂನು. "ಕೆರೆ ಕಡೆ ಹೋಗ್ಬೇಡ ಪುಟ್ಟೀ." ಹೇಳ್ತಿದ್ದವರು ನಮ್ಮಜ್ಜಿ. ಯಾಕೆ ಅಂತ ಕೇಳೋ ಹಾಗಿರಲಿಲ್ಲ. ನಾನು ಆರನೇ ಕ್ಲಾಸಲ್ಲಿದ್ದಾಗ ಯಾಕೆ ಅಂತ ಗೊತ್ತಾಯ್ತು. ನಮ್ಮ ಶಾಲೆಯಲ್ಲಿ ನನಗಿಂತ ಎರಡು ವರ್ಷ ದೊಡ್ಡವನಾದ ಒಬ್ಬ ಹುಡುಗ ಬೇಸಿಗೆ ರಜೆಯಲ್ಲಿ ತೋಟದ ಕೆರೆಗೆ ಇಳಿದ. ಮೇಲೆ ಬರಲಿಲ್ಲ. ದಡದಲ್ಲಿ ಅವನ ಜೊತೆ ನಾಲ್ಕು ಜನ ಇದ್ರು. ಒಬ್ಬರಿಗೂ ಈಜು ಬರ್ತಿರಲಿಲ್ಲ.

ಆಮೇಲೆ ಆ ಕೆರೆ ಸುತ್ತ ಮುಳ್ಳುತಂತಿ ಬೇಲಿ ಬಂತು. ಈಜು ಕಲಿಸೋರು ಯಾರೂ ಬರಲಿಲ್ಲ.

ಈ ಎಪಿಸೋಡು ಒಂದು ರೀತಿಯಲ್ಲಿ ಬೇಲಿಗಳ ಬಗ್ಗೆನೇ. ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡಿಂಗ್ ಅಂತ ಒಂದು ಆಟ ಇದೆ. ಚಿಕ್ಕದಾಗಿ ಸಪ್ ಅಂತಾರೆ. ಉದ್ದನೆ ಹಲಗೆ ಮೇಲೆ ನಿಂತ್ಕೊಂಡು ಉದ್ದ ಹುಟ್ಟು ಹಾಕ್ತಾ ಹೋಗೋದು, ಅಷ್ಟೆ. ರೀಲ್ಸಲ್ಲಿ ನೋಡಿರ್ತೀರಿ. ಇದರ ಅಂತಾರಾಷ್ಟ್ರೀಯ ರೇಸುಗಳಲ್ಲಿ ಒಂದು ವಿಚಿತ್ರ ನಡೆಯುತ್ತೆ. ವಿಶ್ವ ಚಾಂಪಿಯನ್ ಬಂದಿರೋ ಕೂಟಕ್ಕೇ ಬ್ಯಾಂಕ್ ಕ್ಲರ್ಕು, ಸ್ಕೂಲ್ ಮೇಡಮ್ಮು, ಅರವತ್ತು ದಾಟಿದ ರಿಟೈರ್ಡ್ ಅಂಕಲ್ಲು ಎಲ್ಲರೂ ಹೆಸರು ಕೊಟ್ಟು ನೀರಿಗಿಳೀತಾರೆ. ಕ್ರಿಕೆಟಲ್ಲಿ ಇದನ್ನ ಊಹಿಸಿಕೊಳ್ಳಿ. ಐಪಿಎಲ್ ನಡೆಯೋ ದಿನ, ಅದೇ ಮೈದಾನದಲ್ಲಿ, ನಮ್ಮೂರ ಟೆನಿಸ್ ಬಾಲ್ ಟೀಮಿಗೂ ಒಂದು ಮ್ಯಾಚು. ಆಗಲ್ಲ ಅಲ್ವಾ? ಇಲ್ಲಿ ಆಗುತ್ತೆ. ಹೇಗೆ ಆಯ್ತು, ಮತ್ತೆ ಆ ಸಾಲಿಗೆ ನಮ್ಮ ಕಡೆಯವರು ಹೇಗೆ ಹೋಗಿ ನಿಂತ್ರು ಅನ್ನೋದೇ ಇವತ್ತಿನ ಹಿಸ್ಟರಿ.

ಕೂಲಿಯವರಿಗೆ ಪ್ರವೇಶವಿಲ್ಲ

ಮೊದಲು "ಅಮೆಚೂರ್" ಅನ್ನೋ ಪದ ನೋಡೋಣ. ನಾವು ಕನ್ನಡದಲ್ಲಿ ಹವ್ಯಾಸಿ ಅಂತೀವಿ. ದುಡ್ಡಿಗಲ್ಲ, ಖುಷಿಗೆ ಆಡೋರು. ಕೇಳೋಕೆ ಮುದ್ದಾಗಿದೆ. ಆದ್ರೆ ನೀರಿನ ಆಟಗಳಲ್ಲಿ ಈ ಪದಕ್ಕೆ ಒಂದು ಕೆಟ್ಟ ಇತಿಹಾಸ ಇದೆ.

ಇಂಗ್ಲೆಂಡಿನ ಥೇಮ್ಸ್ ನದಿ ಮೇಲೆ ಹೆನ್ಲಿ ಅಂತ ಒಂದು ಊರು. ಅಲ್ಲಿ 1839ರಿಂದ ದೋಣಿ ಓಟ ನಡೀತಿದೆ, ಹೆನ್ಲಿ ರಾಯಲ್ ರೆಗಾಟ. 1879ರಲ್ಲಿ ಅದರ ದೊಡ್ಡವರು ಕೂತು ಹವ್ಯಾಸಿ ಅಂದ್ರೆ ಯಾರು ಅಂತ ನಿಯಮ ಬರೆದ್ರು. ದುಡ್ಡಿಗೆ ಓಟ ಓಡಿದವರು ಹವ್ಯಾಸಿ ಅಲ್ಲ. ಸರಿ, ಒಪ್ಪೋಣ. ಆದ್ರೆ ಅಷ್ಟಕ್ಕೆ ನಿಲ್ಲಿಸಲಿಲ್ಲ. ಮೆಕ್ಯಾನಿಕ್, ಕುಶಲಕರ್ಮಿ, ಕೂಲಿ ಕೆಲಸದವರು ಯಾರೂ ಹವ್ಯಾಸಿ ಅಲ್ಲ ಅಂತ ಸೇರಿಸಿದ್ರು. ಅಂದ್ರೆ ನೀವು ಜೀವನದಲ್ಲಿ ಒಂದು ರೇಸಿಂದಲೂ ಒಂದು ಕಾಸು ತಗೊಂಡಿಲ್ಲದೇ ಇರಬಹುದು. ಕೈಯಿಂದ ದುಡಿದು ತಿಂತೀರಾ? ಹಾಗಾದ್ರೆ ಹೊರಗೆ. ನೆಪ ಏನು ಗೊತ್ತಾ? ಮೈಮುರಿದು ಕೆಲಸ ಮಾಡೋರಿಗೆ ತೋಳ್ಬಲ ಜಾಸ್ತಿ, ಅದು ಜಂಟಲ್‌ಮನ್‌ಗಳಿಗೆ ಅನ್ಯಾಯ!

ಇದರ ಪರಿಣಾಮ ಕೇಳಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಬಿ. ಕೆಲ್ಲಿ ಅಂತ ಒಬ್ಬರಿದ್ದರು. ಇಟ್ಟಿಗೆ ಕೆಲಸದಿಂದ ಮೇಲೆ ಬಂದ ಮನುಷ್ಯ. ಅವರ ಕಾಲದ ದೊಡ್ಡ ದೋಣಿ ಓಟಗಾರ. 1920ರಲ್ಲಿ ಹೆನ್ಲಿಗೆ ಹೆಸರು ಕೊಟ್ಟರೆ ತಿರಸ್ಕಾರ. ಅವರ ಕ್ಲಬ್ಬಿನ ಮೇಲೆ ಹೆನ್ಲಿಯವರಿಗೆ ಹಳೇ ಸಿಟ್ಟು ಒಂದಿತ್ತು, ಜೊತೆಗೆ ಈ ಕೈಕೆಲಸದ ನಿಯಮವೂ ಅಡ್ಡ ಬಂತು. ಅದೇ ವರ್ಷ ಆಂಟ್ವರ್ಪ್ ಒಲಿಂಪಿಕ್ಸಲ್ಲಿ ಕೆಲ್ಲಿ ಬ್ರಿಟನ್ನಿನ ಜ್ಯಾಕ್ ಬೆರೆಸ್‌ಫೋರ್ಡ್ ಅವರನ್ನ ಸೋಲಿಸಿ ಚಿನ್ನ ಗೆದ್ದರು. ಹಾಲಿವುಡ್ ನಟಿ ಗ್ರೇಸ್ ಕೆಲ್ಲಿ ಗೊತ್ತಲ್ಲ, ಆಮೇಲೆ ಮೊನಾಕೊದ ರಾಜಕುಮಾರಿ ಆದವರು? ಅವರ ಅಪ್ಪನೇ ಇವರು. ಅಪ್ಪನನ್ನ ಒಳಗೇ ಬಿಡದ ಆ ಹೆನ್ಲಿ ಓಟವನ್ನ 1947ರಲ್ಲಿ ಮಗ ಹೋಗಿ ಗೆದ್ದುಬಂದ.

ಇನ್ನೊಂದು ಇದೆ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿಗೆ ಹೊರಟ ಆಸ್ಟ್ರೇಲಿಯಾ ತಂಡದವರು ಹೆನ್ಲಿಯಲ್ಲಿ ಓಡ್ತೀವಿ ಅಂದ್ರು. ಆಗಲ್ಲ ಅಂದುಬಿಟ್ಟರು. ಯಾಕೆ? ಅವರೆಲ್ಲ ಪೊಲೀಸರು, ಪೊಲೀಸ್ ಕೆಲಸವೂ ಕೈಕೆಲಸವೇ ಅಂತೆ. ಅದರ ಮರುವರ್ಷ, 1937ರಲ್ಲಿ, ಆ ನಿಯಮ ಕಿತ್ತುಹಾಕಿದರು. ಐವತ್ತೆಂಟು ವರ್ಷ ಆ ಬೇಲಿ ಇತ್ತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದ್ರೆ, ಸಪ್ ಅನ್ನೋ ಆಟ ಹುಟ್ಟಿದ್ದು ಇದರ ನೇರ ಉಲ್ಟಾ ಜಾಗದಲ್ಲಿ. ದುಡಿಯೋರ ಮಧ್ಯೆ.

ಕ್ಯಾಮೆರಾ ಒದ್ದೆ ಆಗಬಾರದು ಅಂತ

ಹವಾಯಿಯ ವೈಕೀಕಿ ಬೀಚ್. ಅಲ್ಲಿಗೆ ಬರೋ ಟೂರಿಸ್ಟುಗಳಿಗೆ ಸರ್ಫಿಂಗ್ ಕಲಿಸಿ, ದೋಣಿ ಓಡಿಸಿ ಹೊಟ್ಟೆ ಹೊರೆಯೋ ಸ್ಥಳೀಯರಿಗೆ ಬೀಚ್ ಬಾಯ್ಸ್ ಅಂತ ಹೆಸರು. ಈ ಲೋಕದ ದೊಡ್ಡ ಹೆಸರು ಡ್ಯೂಕ್ ಕಹಾನಮೋಕು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಲ್ಲಿ 100 ಮೀಟರ್ ಫ್ರೀಸ್ಟೈಲ್ ಈಜಿನ ಚಿನ್ನ. ಮತ್ತೆ 1920ರ ಆಂಟ್ವರ್ಪಲ್ಲಿ ಅದೇ ಚಿನ್ನ. ಹೌದು, ಕೆಲ್ಲಿ ಗೆದ್ದರಲ್ಲ, ಅದೇ ಒಲಿಂಪಿಕ್ಸ್. ಆ ಕಾಲದ ನಿಯಮದಲ್ಲಿ ಈಜು ಕಲಿಸಿ ದುಡ್ಡು ತಗೊಂಡರೆ ಹವ್ಯಾಸಿ ಪಟ್ಟ ಹೋಗ್ತಿತ್ತು. ಹಾಗಾಗಿ ಜಗತ್ತಿನ ಅತಿ ವೇಗದ ಈಜುಗಾರನಿಗೆ ತನ್ನ ವಿದ್ಯೆಯಿಂದಲೇ ಸಂಪಾದಿಸೋ ದಾರಿ ಮುಚ್ಚಿತ್ತು. ನೋಡಿ, ಬೇಲಿ ಅಲ್ಲಿಗೂ ಬಂದಿತ್ತು.

ಇದೇ ವೈಕೀಕಿಯಲ್ಲಿ ಆ ಚಾಯ್ ಅನ್ನೋ ಕುಟುಂಬ. ಅಪ್ಪ ಜಾನ್, ಎಲ್ಲರ ಬಾಯಲ್ಲಿ "ಪಾಪ್". ಮಕ್ಕಳು ಲೆರಾಯ್, ಬಾಬಿ. ಇವರು ಸರ್ಫ್ ಬೋರ್ಡ್ ಮೇಲೆ ನಿಂತೇ, ದೋಣಿ ಹುಟ್ಟು ಹಾಕ್ತಾ ಓಡಾಡ್ತಿದ್ದರು. ಕಾರಣ ತುಂಬಾ ಸಿಂಪಲ್. ನಿಂತರೆ ದೂರದಿಂದ ಬರೋ ಅಲೆ ಕಾಣುತ್ತೆ. ಕಲಿಯೋಕೆ ಬಂದವರ ಮೇಲೆ ಒಂದು ಕಣ್ಣಿಡಬಹುದು. ಟೂರಿಸ್ಟುಗಳ ಫೋಟೋ ತೆಗೆಯೋಕೆ ಕತ್ತಿಗೆ ನೇತುಹಾಕಿದ ಕ್ಯಾಮೆರಾ ಒದ್ದೆ ಆಗಲ್ಲ. ಅಂದ್ರೆ ಈಗ ನಾವು ಲೈಫ್‌ಸ್ಟೈಲ್ ಅಂತ ಕರೆಯೋ ಈ ಭಂಗಿ ಹುಟ್ಟಿದ್ದು ಡ್ಯೂಟಿ ಟೈಮಲ್ಲಿ!

ನಿಂತು ಹುಟ್ಟು ಹಾಕೋದು ಹವಾಯಿಯವರೇ ಕಂಡುಹಿಡಿದದ್ದು ಅಂತ ನಾನು ಹೇಳ್ತಿಲ್ಲ. ಪೆರು ದೇಶದ ಮೀನುಗಾರರು ಜೊಂಡು ಹುಲ್ಲಿನ ಪುಟ್ಟ ದೋಣಿ ಕಟ್ಟಿ ಬಿದಿರಿನ ಹುಟ್ಟಲ್ಲಿ ಅಲೆ ದಾಟೋದು ಸಾವಿರಾರು ವರ್ಷದ ಪದ್ಧತಿ. ನಮ್ಮ ಪಕ್ಕದ ತಮಿಳುನಾಡಿನ ಕಟ್ಟುಮರಂ ನೋಡಿ, ಮರದ ದಿಮ್ಮಿ ಜೋಡಿಸಿ ಹಗ್ಗ ಬಿಗಿದದ್ದು. ಇಂಗ್ಲಿಷಿನವರು ಅದೇ ಹೆಸರನ್ನ ಎತ್ಕೊಂಡು ಕ್ಯಾಟಮರಾನ್ ಮಾಡಿಕೊಂಡರು. ನಮ್ಮ ತುಂಗಭದ್ರೆಯ ಹರಿಗೋಲನ್ನಂತೂ 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬೆರಗಾಗಿ ಬರೆದಿಟ್ಟಿದ್ದಾನೆ. ಬುಟ್ಟಿ ಥರ ದುಂಡಗಿದೆ, ಹೊರಗೆ ಚರ್ಮ ಹೊದಿಸಿದ್ದಾರೆ ಅಂತ. ನೀರು, ಹುಟ್ಟು, ಹೊಟ್ಟೆಪಾಡು, ಮೂರೂ ಎಲ್ಲ ಕಡೆ ಒಟ್ಟಿಗೇ ಇದ್ದವು. ಆಟ ಮಾತ್ರ ಆಮೇಲೆ ಬಂತು.

2000ದ ಆಸುಪಾಸು ಹವಾಯಿಯ ಹೆಸರಾಂತ ಸರ್ಫರ್‌ಗಳಾದ ಲೈರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮಾ ಈ ಹಳೇ ಅಭ್ಯಾಸವನ್ನ ಮತ್ತೆ ಕೈಗೆತ್ತಿಕೊಂಡರು. ಅಲೆ ಇಲ್ಲದ ದಿನ ಮೈ ಬಿಸಿ ಮಾಡ್ಕೊಳ್ಳೋಕೆ ಒಂದು ದಾರಿ ಸಿಕ್ತು. ಅಲ್ಲಿಂದ ಕ್ಯಾಲಿಫೋರ್ನಿಯಾಗೆ, ಅಲ್ಲಿಂದ ಕೆರೆ, ನದಿ ಎಲ್ಲ ಕಡೆಗೆ. ಅಲೆ ಬೇಡ, ನಿಂತ ನೀರು ಸಾಕು ಅಂದಾಗ ಸಮುದ್ರ ಇಲ್ಲದ ಊರಿನವರಿಗೂ ಬಾಗಿಲು ತೆರೀತು.

ಒಂದೇ ನೀರು, ಎಲ್ಲರಿಗೂ

ಈಗ ರೇಸಿಗೆ ಬರೋಣ. 2008ರಲ್ಲಿ ಕ್ಯಾಲಿಫೋರ್ನಿಯಾದ ಡೇನಾ ಪಾಯಿಂಟಲ್ಲಿ "ಬ್ಯಾಟಲ್ ಆಫ್ ದ ಪ್ಯಾಡಲ್" ಶುರುವಾಯ್ತು. ದೊಡ್ಡ ಆಟಗಾರರಿಗೆ ಎಲೀಟ್ ರೇಸ್, ಉಳಿದ ಎಲ್ಲರಿಗೂ ಓಪನ್ ರೇಸ್. ಅದೇ ಬೀಚು, ಅದೇ ಅಲೆ, ಅದೇ ವಾರಾಂತ್ಯ. ಈ ಮಾದರಿ ಹಿಡಿಸಿಬಿಡ್ತು. ಅಮೆರಿಕದ ನಾರ್ತ್ ಕ್ಯಾರೊಲಿನಾದ ರೈಟ್ಸ್‌ವಿಲ್ ಬೀಚಲ್ಲಿ ನಡೆಯೋ ಕ್ಯಾರೊಲಿನಾ ಕಪ್ ನೋಡಿ. ಸುಮಾರು 21 ಕಿಲೋಮೀಟರಿನ "ಗ್ರೇವ್‌ಯಾರ್ಡ್" ರೇಸ್ ಅಲ್ಲಿ ಹೆಸರುವಾಸಿ. ಸ್ಮಶಾನ ಅಂತ ಯಾಕೆ ಹೆಸರು ಅಂದ್ರೆ, ಆ ಕರಾವಳಿಯಲ್ಲಿ ಮುಳುಗಿದ ಹಡಗುಗಳಿಗೆ ಲೆಕ್ಕ ಇಲ್ಲ. ಅಷ್ಟು ದೂರ ಆಗಲ್ಲ ಅನ್ನೋರಿಗೆ ಚಿಕ್ಕ ದೂರದ ರೇಸುಗಳೂ ಅಲ್ಲೇ ಇವೆ.

ನೆದರ್‌ಲೆಂಡ್ಸಲ್ಲಿ ಇನ್ನೂ ಮಜಾ. ಅಲ್ಲಿನ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಚಳಿಗಾಲಕ್ಕೆ ಕಾಲುವೆ ಹೆಪ್ಪುಗಟ್ಟಿದರೆ ಹನ್ನೊಂದು ಊರು ಸುತ್ತೋ ಸ್ಕೇಟಿಂಗ್ ಓಟ ನಡೆಯೋ ಸಂಪ್ರದಾಯ. 1997ರ ನಂತರ ಮಂಜು ಸಾಕಷ್ಟು ಗಟ್ಟಿ ಆಗಲೇ ಇಲ್ಲ, ಓಟ ನಡೆದೇ ಇಲ್ಲ. ಆದ್ರೆ 2009ರಿಂದ ಅದೇ ಕಾಲುವೆಗಳಲ್ಲಿ ಸಪ್ ರೇಸ್ ನಡೀತಿದೆ. ಐದು ದಿನ, ಸುಮಾರು 220 ಕಿಲೋಮೀಟರ್. ಬೆಂಗಳೂರಿಂದ ಹೊರಟು ಬೇಲೂರು ಮುಟ್ಟಿದಷ್ಟು ದೂರ ಅಂದ್ಕೊಳ್ಳಿ. ನಿಂತ್ಕೊಂಡೇ! ಅಲ್ಲಿಗೆ ಬರೋರಲ್ಲಿ ಎಷ್ಟೋ ಜನ ರಜೆ ಹಾಕಿ, ಕೈಯಿಂದ ದುಡ್ಡು ಹಾಕ್ಕೊಂಡು ಬರೋ ಹವ್ಯಾಸಿಗಳು.

ಒಂದು ಟೆಕ್ನಿಕಲ್ ವಿಷಯ. ಸಪ್ ರೇಸಲ್ಲಿ ಮುಂದಿನವರ ಬೋರ್ಡಿನ ಹಿಂದೆ ಏಳೋ ಸಣ್ಣ ಅಲೆಯನ್ನ ಹಿಡಿದು ಅಂಟ್ಕೊಂಡೇ ಹೋಗಬಹುದು. ಸೈಕಲ್ ರೇಸಲ್ಲಿ ಮುಂದಿನವನ ಬೆನ್ನಿಗೆ ಬೀಳ್ತಾರಲ್ಲ, ಹಾಗೆ. ಶ್ರಮ ಕಮ್ಮಿ ಆಗುತ್ತೆ. ಇದಕ್ಕೆ ಡ್ರಾಫ್ಟಿಂಗ್ ಅಂತಾರೆ. ತಿರುವಲ್ಲಿ ನೀರಿನ ಮೇಲೆ ತೇಲೋ ಗುರುತು ಇರುತ್ತೆ, ಅದನ್ನ ಸುತ್ತು ಹಾಕಬೇಕು. ಆಗ ಬೋರ್ಡಿನ ಹಿಂಭಾಗಕ್ಕೆ ಹೆಜ್ಜೆ ಇಟ್ಟು, ಮೂತಿ ಎತ್ತಿ, ಗಿರಕ್ಕಂತ ತಿರುಗಿಸಬೇಕು. ಬೀಳೋರು ಬೀಳೋದು ಅಲ್ಲೇ. ಚಾಂಪಿಯನ್ನೂ ಬೀಳ್ತಾರೆ. ನೀರು ಸರ್ಟಿಫಿಕೇಟ್ ನೋಡಲ್ಲ.

ಆಟಕ್ಕೆ ಬೆಲೆ ಬಂದ ಮೇಲೆ ಯಜಮಾನಿಕೆಗೆ ಜಗಳವೂ ಬಂತು. ಅಂತಾರಾಷ್ಟ್ರೀಯ ಸರ್ಫಿಂಗ್ ಸಂಸ್ಥೆ, ಅಂದ್ರೆ ಐಎಸ್ಎ, 2012ರಲ್ಲಿ ಪೆರುವಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ಮಾಡ್ತು. ಆ ಹುಲ್ಲು ದೋಣಿಯವರ ದೇಶದಲ್ಲೇ. 2019ರಲ್ಲಿ ಕೆನೋ ಫೆಡರೇಶನ್ನವರು ಚೀನಾದಲ್ಲಿ ತಮ್ಮದೇ ವಿಶ್ವ ಚಾಂಪಿಯನ್‌ಶಿಪ್ ಮಾಡಿದರು. ಹಲಗೆ ಅಲ್ವಾ, ಇದು ಸರ್ಫಿಂಗು ಅಂತ ಇವರು. ಹುಟ್ಟು ಇದೆ ಅಲ್ವಾ, ಇದು ನಮ್ಮದು ಅಂತ ಅವರು. ಜಗಳ ಕ್ರೀಡೆಗಳ ಅಂತಾರಾಷ್ಟ್ರೀಯ ಕೋರ್ಟಿಗೆ ಹೋಯ್ತು. ಒಲಿಂಪಿಕ್ ಮಟ್ಟದಲ್ಲಿ ಸಪ್ ಐಎಸ್ಎಗೆ ಸೇರಿದ್ದು, ಆದ್ರೆ ಕೆನೋದವರೂ ಸ್ಪರ್ಧೆ ನಡೆಸಬಹುದು ಅಂತ 2020ರಲ್ಲಿ ತೀರ್ಪು ಬಂತು. ಒಲಿಂಪಿಕ್ಸಿಗೆ ಈ ಆಟ ಇನ್ನೂ ಸೇರಿಲ್ಲ ಅನ್ನೋದು ಬೇರೆ ಮಾತು.

ಹೀಗೆ ಹಳೇ ಹೆನ್ಲಿ ಬೇಲಿ ಇಲ್ಲಿ ಕಾಣ್ತಿಲ್ಲ. ಯಾರ ಕೈ ಮೇಲೆ ಗಂಟು ಬಿದ್ದಿದೆ ಅಂತ ಯಾರೂ ನೋಡಲ್ಲ. ಹಾಗಾದ್ರೆ ನಮ್ಮವರು ಅಲ್ಲಿಗೆ ಸುಲಭವಾಗಿ ಹೋಗಬಹುದಾಗಿತ್ತು ತಾನೆ? ಇಲ್ಲ.

ಮೂಲ್ಕಿಯಿಂದ ಫಿಜಿಗೆ

ನಮ್ಮ ಘಟ್ಟ ಇಳಿದರೆ ದಕ್ಷಿಣ ಕನ್ನಡ. ಮಂಗಳೂರಿಂದ ಉಡುಪಿ ಕಡೆ ಹೋಗುವಾಗ ಸಿಗೋ ಊರು ಮೂಲ್ಕಿ. ಅಲ್ಲಿ ಶಾಂಭವಿ ನದಿ. ಸ್ವಲ್ಪ ಕೆಳಗೆ, ಸಸಿಹಿತ್ಲು ಹತ್ತಿರ, ಶಾಂಭವಿ ಮತ್ತೆ ನಂದಿನಿ ಎರಡೂ ಸೇರಿ ಸಮುದ್ರಕ್ಕೆ ಬೀಳ್ತಾವೆ. ಒಂದು ಕಡೆ ತೆಂಗಿನ ನೆರಳಿನ ನಿಂತ ನೀರು, ಮರಳು ದಾಟಿದರೆ ಅಲೆ ಇರೋ ಕಡಲು. ಸಪ್ ಕಲಿಯೋರಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಇಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಯ್ತು. ಶುರು ಮಾಡಿದವರು ಅಮೆರಿಕದಲ್ಲಿ ಹುಟ್ಟಿ, ಸನ್ಯಾಸಿಯಾಗಿ ಭಾರತದಲ್ಲಿ ನೆಲೆನಿಂತ ಜ್ಯಾಕ್ ಹೆಬ್ನರ್. ಎಲ್ಲರೂ ಕರೀತಿದ್ದದ್ದು ಸರ್ಫಿಂಗ್ ಸ್ವಾಮಿ ಅಂತ. ಬೆಳಿಗ್ಗೆ ಪೂಜೆ, ಆಮೇಲೆ ಸರ್ಫ್ ಬೋರ್ಡು. ಅವರು 2020ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಸುತ್ತಮುತ್ತಲ ಊರಿನ ಮಕ್ಕಳ ಒಂದು ಸೈನ್ಯವೇ ತಯಾರಾಗಿತ್ತು.

ಆ ಸೈನ್ಯದ ಒಬ್ಬ ಹುಡುಗಿ ತನ್ವಿ ಜಗದೀಶ್. 2016ರಲ್ಲಿ ಫಿಜಿಯಲ್ಲಿ ನಡೆದ ಐಎಸ್ಎ ವಿಶ್ವ ಸಪ್ ಚಾಂಪಿಯನ್‌ಶಿಪ್ಪಿಗೆ ಭಾರತದಿಂದ ಹೋದವರಲ್ಲಿ ತನ್ವಿ ಇದ್ದರು. ಆಗಿನ್ನೂ ಹದಿಹರೆಯ. ಮರುವರ್ಷ, 2017ರಲ್ಲಿ, ನಾನು ಈಗ ಹೇಳಿದ ಅದೇ ಕ್ಯಾರೊಲಿನಾ ಕಪ್ಪಿಗೆ ಹೋಗಿ ತಮ್ಮ ವಿಭಾಗದಲ್ಲಿ ಮೂರನೇ ಸ್ಥಾನ ತಂದರು. ನಮ್ಮ ಕರಾವಳಿಯ ಒಬ್ಬ ಹುಡುಗಿ, ಅಟ್ಲಾಂಟಿಕ್ ತೀರದ ರೇಸಲ್ಲಿ.

ನಾನು ಆ ಸುದ್ದಿ ಓದಿದ್ದು ಫೋನಲ್ಲಿ, ಹಾಸನದಿಂದ ಊರಿಗೆ ಬರೋ ಬಸ್ಸಲ್ಲಿ. ಸುದ್ದಿ ಕೆಳಗಿನ ಕಾಮೆಂಟುಗಳನ್ನೂ ಓದಿದೆ. ಬಿಸಿಲಲ್ಲಿ ಕಪ್ಪಾಗ್ತಾಳೆ, ಹೆಣ್ಣುಮಗಳಿಗೆ ಇದೆಲ್ಲ ಯಾಕೆ, ಹೀಗೆ. ಈ ಮಾತುಗಳು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ. ಆದ್ರೆ ಹೆನ್ಲಿಯ ನಿಯಮ ಮಾಡ್ತಿದ್ದ ಕೆಲಸವನ್ನೇ ಇವೂ ಮಾಡ್ತಾವೆ. ಹುಡುಗಿ ಸ್ಟಾರ್ಟ್ ಲೈನಿಗೆ ಹೋಗೋ ಮುಂಚೆ ಮನೆ ಬಾಗಿಲಲ್ಲೇ ರೇಸ್ ಮುಗಿದಿರುತ್ತೆ.

ಹದಿನಾಲ್ಕು ಅಡಿ ಹಲಗೆಯ ಲಗೇಜು

ಎರಡನೇ ಬೇಲಿ ದುಡ್ಡು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ದೊಡ್ಡ ರೇಸಿನ ಬೋರ್ಡು ಸಾಮಾನ್ಯವಾಗಿ 14 ಅಡಿ ಉದ್ದ. ಅಗಲ ಎರಡು ಅಡಿ ಆಸುಪಾಸು, ಕೆಲವಂತೂ ಅದಕ್ಕಿಂತ ಕಿರಿದು. ಎಷ್ಟು ಕಿರಿದೋ ಅಷ್ಟು ವೇಗ, ಅಷ್ಟೇ ಅಲ್ಲಾಟ. ಕಾರ್ಬನ್ ಫೈಬರ್ ಬೋರ್ಡಾದರೆ ಹೊರದೇಶದಲ್ಲೇ 3,000 ಡಾಲರ್ ದಾಟುತ್ತೆ. ಅದನ್ನ ಇಲ್ಲಿಗೆ ತರಿಸೋ ಸಾಗಾಣಿಕೆ, ಸುಂಕ ಬೇರೆ. ಅದೇ ಬೋರ್ಡನ್ನ ವಿಮಾನದಲ್ಲಿ ರೇಸಿಗೆ ಒಯ್ಯಬೇಕು ಅಂದ್ರೆ ಲಗೇಜ್ ಚಾರ್ಜು. ಬಸ್ಸಿನ ಟಾಪ್ ಮೇಲೆ ಬಾಳೆಗೊನೆ ಹಾಕಿದ ಹಾಗೆ ಹಾಕೋಕಾಗಲ್ಲ. ಅದಕ್ಕೇ ಎಷ್ಟೋ ಜನ ರೇಸ್ ನಡೆಯೋ ಊರಲ್ಲೇ ಬೋರ್ಡ್ ಬಾಡಿಗೆಗೆ ತಗೋತಾರೆ. ಗುರುತಿಲ್ಲದ ಬೋರ್ಡು, ಗುರುತಿಲ್ಲದ ಕಡಲು. ಅದರ ಮೇಲೆ ವೀಸಾ, ಟಿಕೆಟ್ಟು, ರೂಮು. ನಮ್ಮಲ್ಲಿ ಹವ್ಯಾಸಿ ಅಂದ್ರೆ ಎಷ್ಟೋ ಸಲ ಅರ್ಥ ಇಷ್ಟೆ: ಸ್ಪಾನ್ಸರ್ ಇಲ್ಲ, ಸಾಲ ಇದೆ.

ಗಾಳಿ ತುಂಬೋ ಬೋರ್ಡುಗಳು ಬಂದ ಮೇಲೆ ಈ ಬೇಲಿ ಸ್ವಲ್ಪ ತಗ್ಗಿತು. ಒಳಗೆ ಸಾವಿರಾರು ದಾರಗಳು ಮೇಲಿನ ಪದರವನ್ನ ಕೆಳಗಿನ ಪದರಕ್ಕೆ ಬಿಗಿದು ಹಿಡಿದಿರುತ್ತವೆ. ಪಂಪಲ್ಲಿ ಗಾಳಿ ಹೊಡೆದರೆ ಹಲಗೆಯಷ್ಟೇ ಗಟ್ಟಿ. ಗಾಳಿ ಬಿಟ್ಟರೆ ಸುತ್ತಿ ಬ್ಯಾಗಲ್ಲಿ ಹಾಕ್ಕೊಂಡು ಬಸ್ ಹತ್ತಬಹುದು. ಕಾರ್ಬನ್ ಬೋರ್ಡಿನ ವೇಗ ಬರಲ್ಲ. ಆದ್ರೆ ಕಲಿಯೋಕೆ, ಓಪನ್ ರೇಸಿಗೆ ಇಳಿಯೋಕೆ ಸಾಕು.

ಇನ್ನೊಂದು ದಾರಿ, ನಾವು ರೇಸಿಗೆ ಹೋಗೋ ಬದಲು ರೇಸೇ ನಮ್ಮ ಹತ್ತಿರ ಬರೋದು. 2024ರ ಮಾರ್ಚ್ 8ರಿಂದ 10ರವರೆಗೆ ಸಸಿಹಿತ್ಲು ಬೀಚಲ್ಲಿ ಅದೇ ಆಯ್ತು. ಇಂಡಿಯಾ ಪ್ಯಾಡಲ್ ಫೆಸ್ಟಿವಲ್. ಎಪಿಪಿ ವರ್ಲ್ಡ್ ಟೂರ್ ಅನ್ನೋ ವೃತ್ತಿಪರ ಸಪ್ ಸರಣಿ ಮೊದಲ ಸಲ ಭಾರತಕ್ಕೆ ಬಂತು. ಬಂದದ್ದು ಗೋವಾಕ್ಕಲ್ಲ, ನಮ್ಮ ಸಸಿಹಿತ್ಲಿಗೆ.

ಮಾರ್ಚ್ 8 ಶಿವರಾತ್ರಿ. ಮಹಿಳಾ ದಿನಾಚರಣೆ ಕೂಡ. ಮನೆಯಲ್ಲಿ ಧರ್ಮಸ್ಥಳಕ್ಕೆ ಅಂತ ಹೇಳಿ ಚಾರ್ಮಾಡಿ ಇಳಿದೆ. ಸುಳ್ಳೇನಲ್ಲ, ದಾರಿಯಲ್ಲಿ ದರ್ಶನ ಆಯ್ತು. ಮಾರನೇ ದಿನ ಸಸಿಹಿತ್ಲು ಮರಳಲ್ಲಿ ನಿಂತಿದ್ದೆ. ಸ್ಪೇನಿನ ಆಂಟೋನಿಯೊ ಮೊರಿಯೊ, ಎಸ್ಪೆರಾಂಜಾ ಬರ್ರೆರಾಸ್ ಥರದ ವಿಶ್ವಮಟ್ಟದವರು ಬಂದಿದ್ದರು. ನಮ್ಮ ಕಡೆಯಿಂದ ತಮಿಳುನಾಡಿನ ಸೇಕರ್ ಪಚ್ಚೈ, ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆದವರು. ಮೂಲ್ಕಿ ಕಡೆಯ ಹುಡುಗರ ಹೆಸರು ಕೂಗಿದಾಗಲೆಲ್ಲ ತುಳುವಿನಲ್ಲಿ ಕೇಕೆ.

ನನ್ನ ಪಕ್ಕ ಒಬ್ಬರು ವಯಸ್ಸಾದ ಮೀನುಗಾರರು ನಿಂತಿದ್ದರು. ಹೆಗಲ ಮೇಲೆ ಬೈರಾಸು. ರೇಸಿನವರು ಅಲೆ ದಾಟೋದನ್ನ ಕಣ್ಣು ಕಿರಿದು ಮಾಡಿ ನೋಡ್ತಿದ್ದರು. ಒಬ್ಬ ವಿದೇಶಿ ಹುಡುಗ ಅಲೆ ಒಡೆಯೋ ಜಾಗದಲ್ಲಿ ಬಿದ್ದ. ಇವರು ನಾಲಿಗೆಯಲ್ಲಿ ಲೊಚ್ ಅಂದರು. "ಅಲ್ಲಿ ನೀರು ಎಳೀತದೆ. ಸ್ವಲ್ಪ ಬಡಗು ಬದಿಯಿಂದ ಹೋಗ್ಬೇಕಿತ್ತು," ಅಂದರು, ಯಾರಿಗೂ ಅಂತಲ್ಲ. ಮುಂದಿನ ಸುತ್ತಲ್ಲಿ ಒಬ್ಬ ಸರಿಯಾಗಿ ಬಡಗು ಬದಿಯಿಂದ ಹೋದ. ಒದ್ದೆ ಕೂಡ ಆಗಲಿಲ್ಲ. ಅಜ್ಜ ನನ್ನ ಕಡೆ ತಿರುಗಿ ನಕ್ಕರು.

ಹೆನ್ಲಿಯವರು ಭಯಪಟ್ಟಿದ್ದು ಇವರಿಗೇ ಅಲ್ವಾ ಅಂತ ನನಗೆ ಆಗ ಅನ್ನಿಸ್ತು. ನೀರನ್ನ ದುಡಿದು ಕಲಿತವರಿಗೆ.

ಮೂರನೇ ಬೇಲಿ ನಮ್ಮದೇ

ಈಗ ಮತ್ತೆ ಊರಿಗೆ ಬರ್ತೀನಿ.

ನಮ್ಮ ಬೇಲೂರು, ಹಳೇಬೀಡು ಸೀಮೆಯ ಇತಿಹಾಸ ಅಂದ್ರೆ ಎಲ್ಲರೂ ದೇವಸ್ಥಾನದ ಶಿಲ್ಪ ತೋರಿಸ್ತಾರೆ. ಶಿಲ್ಪದ ಪಕ್ಕದಲ್ಲಿ ನೀರಿದೆ, ನೋಡಿದ್ದೀರಾ? ಹಳೇಬೀಡಿನ ಹಳೇ ಹೆಸರು ದೋರಸಮುದ್ರ. ಕಡಲಿಂದ ಇಷ್ಟು ದೂರ, ಘಟ್ಟದ ಮೇಲೆ, ಒಂದು ರಾಜಧಾನಿಯ ಹೆಸರಲ್ಲಿ ಸಮುದ್ರ! ಅದು ಅಲ್ಲಿನ ದೊಡ್ಡ ಕೆರೆಯಿಂದ ಬಂದ ಹೆಸರು. ಬೇಲೂರಲ್ಲಿ ವಿಷ್ಣುಸಮುದ್ರ ಕೆರೆ. ಕೆರೆಯನ್ನ ಸಮುದ್ರ ಅಂತ ಕರೆದವರು ನಾವು. ಅಷ್ಟು ಪ್ರೀತಿ, ಅಷ್ಟು ಹೆಮ್ಮೆ. ಅದೇ ಬೇಲೂರ ಪಕ್ಕ ಈಗ ಯಗಚಿ ಜಲಾಶಯ ಇದೆ, ಅಲ್ಲಿ ಜಲ ಸಾಹಸ ಕ್ರೀಡೆಗಳ ಕೇಂದ್ರವೂ ಇದೆ. ನಮ್ಮೂರ ಎಷ್ಟು ಮಕ್ಕಳು ಅಲ್ಲಿಗೆ ಹೋಗಿ ಹುಟ್ಟು ಹಿಡಿದಿದ್ದಾರೆ? ನನ್ನ ಕ್ಲಾಸಲ್ಲಿ ಒಬ್ಬರೂ ಇರಲಿಲ್ಲ.

ಭಾರತದಲ್ಲಿ ಪ್ರತಿ ವರ್ಷ ನೀರಲ್ಲಿ ಮುಳುಗಿ ಸಾಯೋರು 35 ಸಾವಿರಕ್ಕೂ ಹೆಚ್ಚು. ಇದು ಸರ್ಕಾರದ್ದೇ ಲೆಕ್ಕ. ಇಷ್ಟು ಸಾವು ನೋಡಿದ ಅಜ್ಜಿಯರು ನೀರಿನ ಹತ್ತಿರ ಹೋಗ್ಬೇಡ ಅಂದ್ರೆ ತಪ್ಪಾ? ತಪ್ಪಲ್ಲ. ಭಯಕ್ಕೆ ಕಾರಣ ಇದೆ. ಆದ್ರೆ ಆ ಭಯ ಒಂದು ಸುತ್ತು ಹಾಕಿ ವಾಪಸ್ ಬರುತ್ತೆ. ಭಯಕ್ಕೆ ಕಲಿಸಲ್ಲ, ಕಲಿಯದವರು ಮುಳುಗ್ತಾರೆ, ಮುಳುಗಿದ್ದಕ್ಕೆ ಭಯ ಜಾಸ್ತಿ ಆಗುತ್ತೆ. ನಮ್ಮೂರ ಕೆರೆಗೆ ಹಾಕಿದ ಮುಳ್ಳುತಂತಿ ಬೇಕಾಗಿತ್ತು, ಒಪ್ಪಿದೆ. ಅದರ ಜೊತೆ ಒಬ್ಬ ಈಜು ಮೇಷ್ಟ್ರೂ ಬೇಕಾಗಿತ್ತು.

ಆ ಫೆಸ್ಟಿವಲ್ ನೋಡಿದ ಮೇಲೆ ಮೊದಲು ಒಂದು ಈಜುಕೊಳಕ್ಕೆ ಸೇರಿದೆ. ಈಜು ಒಂದು ಮಟ್ಟಕ್ಕೆ ಬಂದ ಮೇಲೆ ಮಳೆಗಾಲ ಮುಗಿಯೋದು ಕಾದು ಶಾಂಭವಿ ನದಿಗೆ ಹೋದೆ. ಲೈಫ್ ಜಾಕೆಟ್ ಹಾಕಿಸಿದರು. ಬೋರ್ಡಿಂದ ನನ್ನ ಕಾಲಿಗೆ ಒಂದು ಹಗ್ಗ ಕಟ್ಟಿದರು, ಲೀಶ್ ಅಂತಾರೆ. ಆಮೇಲೆ ಕಲಿಸಿದ ಮೊದಲ ಪಾಠ ಏನು ಗೊತ್ತಾ? ನಿಲ್ಲೋದಲ್ಲ. ಬೀಳೋದು. ಬೋರ್ಡಿಂದ ದೂರಕ್ಕೆ, ತಲೆ ಅಡಿಯಾಗದ ಹಾಗೆ, ಚಪ್ಪಟೆಯಾಗಿ ಬೀಳು ಅಂದರು. ಬಿದ್ದ ಮೇಲೆ ಮೊದಲು ಬೋರ್ಡ್ ಹಿಡಿ, ನಡುವಲ್ಲಿ ಕೈಯಿಟ್ಟು, ಕಾಲು ಬಡಿದು, ಹೊಟ್ಟೆ ಮೇಲೆ ಹತ್ತು. ಹತ್ತು ಸಲ ಬೀಳಿಸಿದರು. ಹತ್ತು ಸಲ ಹತ್ತಿಸಿದರು. ಹನ್ನೊಂದನೇ ಸಲ ಮಂಡಿ ಊರಿ ಎದ್ದು ನಿಂತೆ. ಕಾಲು ಗಡಗಡ ನಡುಗ್ತಿತ್ತು. ನೀರು ಅಲುಗಾಡ್ತಾನೇ ಇರಲಿಲ್ಲ, ಅಲುಗಾಡ್ತಿದ್ದದ್ದು ನಾನು.

ಕೆರೆ ದಡದಲ್ಲಿ ನಿಂತಿದ್ದ ಆ ನಾಲ್ಕು ಹುಡುಗರು ನೆನಪಾದರು. ಇಷ್ಟೇ ಇಷ್ಟು ಅವರಲ್ಲಿ ಒಬ್ಬರಿಗೆ ಗೊತ್ತಿದ್ದಿದ್ದರೆ ಅಂತ.

ನಾನೇನೂ ಇನ್ನೂ ಇಂಟರ್‌ನ್ಯಾಷನಲ್ ರೇಸಿಗೆ ಹೋಗಿಲ್ಲ. ಮುಂದೆ ಯಾವತ್ತಾದರೂ ಒಂದು ಓಪನ್ ವಿಭಾಗದಲ್ಲಿ, ಅತಿ ಚಿಕ್ಕ ದೂರಕ್ಕೆ, ಕಟ್ಟ ಕಡೆಯವಳಾಗಿ ಬರಬೇಕು ಅನ್ನೋ ಆಸೆ ಇದೆ. ಕಡೆಯವರಾಗಿ ಬರೋಕೂ ಸ್ಟಾರ್ಟ್ ಲೈನಲ್ಲಿ ನಿಂತಿರಬೇಕಲ್ಲ.

ಊರಿಗೆ ಬಂದು ಅಜ್ಜಿಗೆ ವಿಡಿಯೋ ತೋರಿಸಿದೆ. ಬೈತಾರೆ ಅಂದ್ಕೊಂಡಿದ್ದೆ. ಫೋನನ್ನ ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ನೋಡಿದರು. ನಾನು ಬೀಳೋ ಜಾಗಕ್ಕೆ ಬಂದಾಗ ನಿಲ್ಲಿಸು ಅಂದರು.

"ಬಿದ್ದಾಗ ಯಾರು ಎತ್ತುದ್ರು?"

"ಯಾರೂ ಇಲ್ಲ ಅಜ್ಜಿ. ನಾನೇ ಹತ್ಕೊಂಡೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಪಕ್ಕದ ಮನೆ ಹುಡುಗ್ರಿಗೂ ಹೇಳ್ಕೊಡಕಾಯ್ತದಾ?"

ನಾನು ಹೇಳಿಕೊಡೋಷ್ಟು ಕಲಿತಿಲ್ಲ. ಕಲಿಸೋರ ಹತ್ತಿರ ಕರ್ಕೊಂಡು ಹೋಗಬಹುದು. ಬರೋ ಬೇಸಿಗೆ ರಜೆಗೆ ಮೂರು ಮಕ್ಕಳ ಅಪ್ಪ ಅಮ್ಮ ಹೂಂ ಅಂದಿದ್ದಾರೆ. ಮೊದಲು ಈಜು, ಆಮೇಲೆ ಹುಟ್ಟು.

ನಿಮ್ಮೂರ ಕೆರೆ, ಹೊಳೆ ಹತ್ತಿರ ಈಜು ಕಲಿಸೋರು ಯಾರಾದರೂ ಇದ್ದಾರಾ? ಇದ್ದರೆ ವಾಯ್ಸ್ ಮೆಸೇಜಲ್ಲಿ ಅವರ ಬಗ್ಗೆ ಹೇಳಿ. ಮತ್ತೆ ಒಂದು ಮಾತು, ಈ ಎಪಿಸೋಡ್ ಕೇಳಿ ಜೋಶಲ್ಲಿ ಯಾರೂ ಒಬ್ಬರೇ ನೀರಿಗೆ ಇಳೀಬೇಡಿ. ಕಲಿಸೋರು ಜೊತೆಗಿರಲಿ, ಜಾಕೆಟ್ ಮೈಮೇಲಿರಲಿ.

ಮುಂದಿನ ವಾರ ಇನ್ನೊಂದು ಕಥೆ ಜೊತೆ ಸಿಗೋಣ. ಹೋಗಿ ಬರ್ತೀನಿ.